ಡೋನೇರ್‌ಗೆ ವೋಟು ಹಾಕಿದ ಊರು

ಪ್ರಶ್ನೆ: ಮೇಡಂ, ನಾನು ಹಾಸನದವಳು. ಬರುವ ಸೆಪ್ಟೆಂಬರ್‌ನಲ್ಲಿ ಕೆನಡಾದ ಹ್ಯಾಲಿಫ್ಯಾಕ್ಸ್‌ಗೆ ಹೊರಟಿದ್ದೇನೆ, ಡಾಲ್‌ಹೌಸಿ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಓದಲು. ಊರಿನ ಬಗ್ಗೆ ಓದುತ್ತಿದ್ದಾಗ ಒಂದು ವಿಷಯ ನೋಡಿ ನಗು ಬಂತು. ಅಲ್ಲಿನ ನಗರಪಾಲಿಕೆ ಡೋನೇರ್ ಅನ್ನೋ ಮಾಂಸದ ರೋಲಿಗೆ ವೋಟು ಹಾಕಿ, ಅದನ್ನು ಊರಿನ ಅಧಿಕೃತ ತಿಂಡಿ ಅಂತ ಮಾಡಿದೆಯಂತೆ. ನಿಜವೇ? ಪಾಲಿಕೆಗೆ ಬೇರೆ ಕೆಲಸ ಇಲ್ವಾ? ನಾನು ಸಸ್ಯಾಹಾರಿ, ಕುಡಿಯುವ ಅಭ್ಯಾಸವೂ ಇಲ್ಲ. ಅಂಥವಳಿಗೆ ಆ ಊರಲ್ಲಿ ತಿನ್ನಲು ಏನಿದೆ? ನಲ್ಲಿ ನೀರು ಕುಡಿಯಬಹುದಾ? ಮಿಕ್ಸಿ, ಕುಕ್ಕರ್ ತರಬೇಕಾ?

ಉತ್ತರ: ನಿಜ. 2015ರ ಡಿಸೆಂಬರ್‌ನಲ್ಲಿ ಹ್ಯಾಲಿಫ್ಯಾಕ್ಸ್ ಪಾಲಿಕೆ ಸಭೆಗೆ ಡೋನೇರ್ ವಿಷಯ ಬಂತು. ಚರ್ಚೆಯಾಯಿತು, ವೋಟಿಗೆ ಹಾಕಿದರು, ಪಾಸಾಯಿತು. ಎಲ್ಲರೂ ಸೇರಿ ಕೈ ಎತ್ತಿಬಿಟ್ಟರು ಅಂತ ತಿಳಿಯಬೇಡಿ. ಕೌನ್ಸಿಲರ್‌ಗಳಲ್ಲೇ ಎರಡು ಪಾಳಯ ಆಗಿತ್ತು. ಆಗಿನ ಮೇಯರ್ ಮೈಕ್ ಸ್ಯಾವೇಜ್ ಅವರ ವೋಟು ಬಿದ್ದ ಮೇಲೆ ತಕ್ಕಡಿ ವಾಲಿತು. ಅದರಿಂದ ಯಾರಿಗೂ ದುಡ್ಡು ಬರಲಿಲ್ಲ, ಹೊಸ ಕಾನೂನೂ ಆಗಲಿಲ್ಲ. ಹೆಸರು ಮಾತ್ರ ಬಂತು.

ನೀವು ನಕ್ಕಿದ್ದು ಸರಿ, ನಾನೂ ನಕ್ಕಿದ್ದೆ. ಆದರೆ ಇಲ್ಲಿ ವರ್ಷಗಟ್ಟಲೆ ಇದ್ದು ನೋಡಿದ ಮೇಲೆ ನನಗೆ ಅನ್ನಿಸಿದ್ದು ಬೇರೆ. ಈ ಊರಲ್ಲಿ ತಟ್ಟೆಗೆ ಏನು ಬೀಳುತ್ತದೆ, ಲೋಟಕ್ಕೆ ಏನು ಬೀಳುತ್ತದೆ ಅನ್ನೋದರಲ್ಲಿ ಪಾಲಿಕೆಯ ಕೈ ಮೊದಲಿಂದಲೂ ಇದೆ. ಒಳ್ಳೆಯದಕ್ಕೂ ಇದೆ, ಕೆಟ್ಟದ್ದಕ್ಕೂ ಇದೆ. ನೀವು ಕೇಳಿದ ನೀರಿನ ಪ್ರಶ್ನೆಗೆ ಬಂದಾಗ ಅದು ಗೊತ್ತಾಗುತ್ತದೆ.

ಮೊದಲು ಡೋನೇರ್ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ಬಂದ ಮೊದಲ ವಾರವೇ ಯಾರಾದರೂ ನಿಮ್ಮನ್ನು ಕರೆದುಕೊಂಡು ಹೋಗುತ್ತಾರೆ, ಗ್ಯಾರಂಟಿ. ನನ್ನ ಕೆಲಸ ಹೋಟೆಲ್ ಅಡುಗೆಯವರಿಗೆ ಶುಚಿತ್ವದ ತರಬೇತಿ ಕೊಡುವುದು. ಖೀಮಾ ಎಷ್ಟು ಡಿಗ್ರಿ ಬೇಯಬೇಕು, ಫ್ರಿಜ್ ಎಷ್ಟು ತಣ್ಣಗಿರಬೇಕು, ಯಾವ ಹಲಗೆ ಮೇಲೆ ಏನು ಹೆಚ್ಚಬೇಕು, ದಿನವಿಡೀ ಇದೇ ಮಾತು. ನಾನೂ ಸಸ್ಯಾಹಾರಿಯೇ. ಹಾಗಾಗಿ ನನ್ನ ಹತ್ತಿರ ಡೋನೇರ್‌ನ ರುಚಿ ಕೇಳಬೇಡಿ, ಟೆಂಪರೇಚರ್ ಕೇಳಿ.

ದನದ ಮಾಂಸದ ಖೀಮಾಕ್ಕೆ ಮಸಾಲೆ ಹಾಕಿ ಚೆನ್ನಾಗಿ ನಾದುತ್ತಾರೆ. ಅದನ್ನು ಒಂದು ನಿಂತ ಸರಳಿಗೆ ದಪ್ಪ ಕಂಬದ ಹಾಗೆ ಮೆತ್ತಿ, ಬೆಂಕಿಯ ಪಕ್ಕ ಸುತ್ತಿಸುತ್ತಾರೆ. ಹೊರಗೆ ಬೆಂದಷ್ಟನ್ನು ಉದ್ದ ಚಾಕುವಿನಲ್ಲಿ ಹೆರೆದು ಪೀಟಾ ರೊಟ್ಟಿಗೆ ಹಾಕುತ್ತಾರೆ. ಮೇಲೆ ಟೊಮೆಟೊ, ಹಸಿ ಈರುಳ್ಳಿ, ಆಮೇಲೆ ಒಂದು ಬಿಳಿ ಸಾಸ್. ಇಡೀ ವಿಷಯ ಇರುವುದೇ ಆ ಸಾಸಿನಲ್ಲಿ. ಡಬ್ಬಿಯ ಗಟ್ಟಿ ಹಾಲು, ಸಕ್ಕರೆ, ಬೆಳ್ಳುಳ್ಳಿ ಪುಡಿ, ವಿನಿಗರ್, ಇಷ್ಟೇ. ಹಾಲಿಗೆ ವಿನಿಗರ್ ಬಿದ್ದ ಕೂಡಲೇ ಅದು ದಪ್ಪಗಾಗುತ್ತದೆ. ಆಗ ಸೌಟು ಜಾಸ್ತಿ ಆಡಿಸಬಾರದು, ಆಡಿಸಿದರೆ ಮತ್ತೆ ನೀರಾಗುತ್ತದೆ. ಶ್ರೀಖಂಡಕ್ಕೆ ಯಾರೋ ತಪ್ಪಿ ಬೆಳ್ಳುಳ್ಳಿ ಹಾಕಿಬಿಟ್ಟ ಹಾಗಿರುತ್ತದೆ. ತಿನ್ನುವಾಗ ಸಾಸ್ ಮುಂಗೈವರೆಗೂ ಇಳಿಯುತ್ತದೆ. ಕೈಯಲ್ಲಿ ಊಟ ಮಾಡಿ ಅಭ್ಯಾಸ ಇರುವ ನಮ್ಮಂಥವರಿಗೆ ಅದೇನು ದೊಡ್ಡದಲ್ಲ. ಆದರೆ ಮಧ್ಯರಾತ್ರಿ ಬ್ಲೋವರ್ಸ್ ಬೀದಿ, ಗ್ರಾಫ್ಟನ್ ಬೀದಿ ಸೇರುವ ಮೂಲೆಯಲ್ಲಿ ನಿಂತು ನೋಡಿ. ಆ ಜಾಗಕ್ಕೆ ಪಿಜ್ಜಾ ಕಾರ್ನರ್ ಅಂತಲೇ ಹೆಸರು. ಬಾರಿನಿಂದ ಹೊರಬಿದ್ದವರು ಕೋಟಿನ ತೋಳು ಮಡಚಿಕೊಂಡು ಸೊಂಟ ಬಗ್ಗಿಸಿ ತಿನ್ನುವ ಭಂಗಿ ಈ ಊರಿನ ಗುರುತು.

ಇದನ್ನು ಹುಟ್ಟುಹಾಕಿದವರು ಗ್ರೀಸ್‌ನಿಂದ ಬಂದ ಪೀಟರ್ ಗಮೌಲಾಕೋಸ್. ಅವರ ಊರಿನ ತಿಂಡಿ ಕುರಿ ಮಾಂಸದ್ದು, ಜೊತೆಗೆ ಮೊಸರಿನ ಸಾಸ್. ಇಲ್ಲಿನವರಿಗೆ ಅದು ಹಿಡಿಸಲಿಲ್ಲ. ಅವರು ಕುರಿ ಬಿಟ್ಟು ದನದ ಮಾಂಸ ತಂದರು, ಮೊಸರು ಬಿಟ್ಟು ಸಿಹಿ ಹಾಲು ತಂದರು. 1973ರಲ್ಲಿ ಕ್ವಿನ್‌ಪೂಲ್ ರಸ್ತೆಯಲ್ಲಿ ಕಿಂಗ್ ಆಫ್ ಡೋನೇರ್ ಅಂಗಡಿ ತೆರೆಯಿತು. ಗಿರಾಕಿಯ ನಾಲಿಗೆಗೆ ತಕ್ಕಂತೆ ತಿಂಡಿಯನ್ನು ತಿದ್ದುವುದು ಹೋಟೆಲ್‌ನವರಿಗೆ ಹೊಸದಲ್ಲ. ಬೆಂಗಳೂರಿನ ಗೋಬಿ ಮಂಚೂರಿಯನ್ನು ಚೀನಾದಲ್ಲಿ ಹುಡುಕಿದರೆ ಸಿಗುತ್ತದಾ? ಹಾಗೇ ಇದು.

ಇನ್ನು ನನ್ನ ಕಸುಬಿನ ಮಾತು. ಮಾಂಸದ ಕಂಬ ಹೊರಗೆ ಬೆಂದಿದ್ದರೂ ಒಳಗೆ ಹಸಿ ಇರುತ್ತದೆ. ವ್ಯಾಪಾರ ಜೋರಾಗಿದ್ದಾಗ ಅವಸರದಲ್ಲಿ ಆಳಕ್ಕೆ ಹೆರೆದರೆ ಹಸಿ ಪದರ ರೊಟ್ಟಿಗೆ ಬೀಳುತ್ತದೆ. ವ್ಯಾಪಾರ ಇಲ್ಲ ಅಂತ ಬೆಂಕಿ ಆರಿಸಿ ಮತ್ತೆ ಹಚ್ಚಿದರೆ ನಡುವಿನ ಹೊತ್ತಲ್ಲಿ ರೋಗಾಣು ಬೆಳೆಯುತ್ತವೆ. ಆಲ್ಬರ್ಟಾ ಪ್ರಾಂತ್ಯದಲ್ಲಿ ಡೋನೇರ್ ತಿಂದವರಿಗೆ ಇ-ಕೊಲೈ ಸೋಂಕು ತಗುಲಿದ ಮೇಲೆ ಕೆನಡಾದಲ್ಲಿ ಇದಕ್ಕೇ ಒಂದು ಮಾರ್ಗಸೂಚಿ ಬಂತು. ಸಾರ ಇಷ್ಟೇ: ಹೆರೆದ ಮಾಂಸವನ್ನು ಕಾವಲಿ ಮೇಲೆ ಇನ್ನೊಂದು ಸಲ ಬಾಡಿಸಿ ಕೊಡಬೇಕು. ಖೀಮಾ 71 ಡಿಗ್ರಿ ಸೆಲ್ಸಿಯಸ್ ಮುಟ್ಟಲೇಬೇಕು. ನೀವು ತಿನ್ನದಿದ್ದರೂ ಜೊತೆಗಿರುವ ಸ್ನೇಹಿತರಿಗೆ ಹೇಳಿ, ಕಂಬದಿಂದ ನೇರ ರೊಟ್ಟಿಗೆ ಹಾಕುವ ಕಡೆ ತಿನ್ನಬೇಡಿ ಅಂತ.

ಆ ಅಂಗಡಿಗೆ ಹೋದರೆ ನಿಮಗೂ ಒಂದು ತಿಂಡಿ ಇದೆ. ಗಾರ್ಲಿಕ್ ಫಿಂಗರ್ಸ್ ಅಂತ ಕೇಳಿ. ಪಿಜ್ಜಾ ಹಿಟ್ಟಿನ ಮೇಲೆ ಬೆಳ್ಳುಳ್ಳಿ ಬೆಣ್ಣೆ, ಚೀಸ್ ಹಾಕಿ ಬೇಯಿಸಿ ಉದ್ದುದ್ದ ಪಟ್ಟಿಯಾಗಿ ಕತ್ತರಿಸುತ್ತಾರೆ. ಅದನ್ನು ಅದೇ ಡೋನೇರ್ ಸಾಸಿನಲ್ಲಿ ಅದ್ದಿ ತಿನ್ನುವುದು. ಸಾಸಿನಲ್ಲಿ ಮೊಟ್ಟೆ ಇಲ್ಲ, ಮಾಂಸ ಇಲ್ಲ. ಕೆಲವರು ಮೇಲೆ ಬೇಕನ್, ಅಂದರೆ ಹಂದಿ ಮಾಂಸದ ಚೂರು ಉದುರಿಸುತ್ತಾರೆ, ಬೇಡ ಅಂತ ಮೊದಲೇ ಹೇಳಿ.

ಕುಡಿಯುವುದಿಲ್ಲ ಅಂದಿರಿ. ಆದರೂ ಬಿಯರ್ ಮಾತು ಬಿಟ್ಟು ಹ್ಯಾಲಿಫ್ಯಾಕ್ಸ್ ಕಥೆ ಹೇಳುವುದು ಕಷ್ಟ. ಅಲೆಕ್ಸಾಂಡರ್ ಕೀತ್ 1795ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದವರು. 1817ರಲ್ಲಿ ಇಲ್ಲಿಗೆ ಬಂದರು, 1820ರಲ್ಲಿ ಬಿಯರ್ ಮಾಡಲು ಶುರುಮಾಡಿದರು. 1843ರಲ್ಲಿ ಮೇಯರ್ ಆದರು. 1853, 1854ರಲ್ಲಿ ಮತ್ತೆ ಆದರು. ಅಂದರೆ ಊರಿಗೆ ಬಿಯರ್ ಹೊಯ್ದ ಕೈಯೇ ಊರಿನ ಆಡಳಿತವನ್ನೂ ಹಿಡಿದಿತ್ತು. ಅವರ ಸಮಾಧಿ ಕ್ಯಾಂಪ್ ಹಿಲ್ ಸ್ಮಶಾನದಲ್ಲಿದೆ, ನಿಮ್ಮ ಕ್ಯಾಂಪಸ್‌ನಿಂದ ನಡೆದು ಹೋಗಬಹುದು. ಅಕ್ಟೋಬರ್ 5 ಅವರ ಹುಟ್ಟುಹಬ್ಬ. ಅವತ್ತು ಜನ ಬಂದು ಸಮಾಧಿ ಕಲ್ಲಿನ ಮೇಲೆ ಬಿಯರ್ ಬಾಟಲಿ, ಮುಚ್ಚಳ ಇಟ್ಟು ಹೋಗುತ್ತಾರೆ. ನಮ್ಮ ಪಿತೃಪಕ್ಷ ಬರುವುದೂ ಹೆಚ್ಚುಕಡಿಮೆ ಆಗಲೇ. ಮೊದಲ ಸಲ ನೋಡಿದಾಗ ಎಡೆ ಇಟ್ಟಿದ್ದಾರೆ ಅಂತಲೇ ಅನ್ನಿಸಿತು.

ಅವರ ಹೆಸರಿನ ಬಿಯರ್ ಮೇಲೆ ಇಂಡಿಯಾ ಪೇಲ್ ಏಲ್ ಅಂತ ಬರೆದಿರುತ್ತದೆ. ನೋಡಿದ ಕನ್ನಡಿಗರೆಲ್ಲ ಇದೇನು ನಮ್ಮದಾ ಅಂತ ಕೇಳುತ್ತಾರೆ. ಅಲ್ಲ. ಬ್ರಿಟಿಷರ ಕಾಲದಲ್ಲಿ ಇಂಗ್ಲೆಂಡಿನಿಂದ ಭಾರತಕ್ಕೆ ಹಡಗಿನಲ್ಲಿ ಕಳಿಸುತ್ತಿದ್ದ ಒಂದು ಬಗೆಯ ಕಹಿ ಬಿಯರ್‌ಗೆ ಆ ಹೆಸರು ಬಿತ್ತು. ಕೀತ್ ಬಿಯರ್ ಅಷ್ಟೇನೂ ಕಹಿ ಇಲ್ಲವಂತೆ. ಬಿಯರ್ ಬಲ್ಲವರು ಅದಕ್ಕೆ ಆ ಹೆಸರೇ ಸರಿಯಲ್ಲ ಅಂತ ಮೂಗು ಮುರಿಯುತ್ತಾರೆ. ಈಗ ಅದು ದೊಡ್ಡ ವಿದೇಶಿ ಕಂಪನಿಯ ಪಾಲಾಗಿದೆ.

ಮದ್ಯ ಮಾರುವುದು ಇಲ್ಲಿ ಹೆಚ್ಚಾಗಿ ಪ್ರಾಂತ್ಯ ಸರ್ಕಾರದ ನಿಗಮದ ಅಂಗಡಿಗಳು. 19 ತುಂಬಿರಬೇಕು. ಬೀದಿಯಲ್ಲಿ, ಪಾರ್ಕಿನಲ್ಲಿ ಬಾಟಲಿ ತೆರೆದರೆ ತಪ್ಪು. ಕುಡಿಯದವರನ್ನು ಯಾರೂ ಬಲವಂತ ಮಾಡುವುದಿಲ್ಲ, ಆ ಚಿಂತೆ ಬಿಡಿ. ಒಂದು ಕಥೆ ಮಾತ್ರ ಕೇಳಿಸಿಕೊಳ್ಳಿ. 1945ರ ಮೇ ತಿಂಗಳಲ್ಲಿ ಯುರೋಪಿನಲ್ಲಿ ಯುದ್ಧ ಮುಗಿದ ಸುದ್ದಿ ಬಂತು. ಹ್ಯಾಲಿಫ್ಯಾಕ್ಸ್ ತುಂಬಾ ನೌಕಾಪಡೆಯ ಹುಡುಗರು. ಗಲಾಟೆ ಆದೀತು ಅಂತ ಹೆದರಿ ಹೆಂಡದಂಗಡಿ, ಹೋಟೆಲು, ಸಿನಿಮಾ ಮಂದಿರ ಎಲ್ಲ ಬಾಗಿಲು ಹಾಕಿದವು. ಖುಷಿಪಡಲು ಬೀದಿಗೆ ಇಳಿದವರಿಗೆ ಒಂದು ಲೋಟ ಬಿಯರ್ ಇಲ್ಲ, ಒಂದು ತುತ್ತು ಊಟ ಇಲ್ಲ. ದುಬಾರಿ ಬಾಡಿಗೆ, ಸಾಲುಗಟ್ಟಿ ನಿಲ್ಲುವುದು ಅಂತ ಆರು ವರ್ಷದ ಸಿಟ್ಟು ಬೇರೆ ಒಳಗಿತ್ತು. ಹೆಂಡದಂಗಡಿ ಒಡೆದರು, ಬಿಯರ್ ಕಾರ್ಖಾನೆಗೆ ನುಗ್ಗಿದರು. ಎರಡು ದಿನದಲ್ಲಿ 500ಕ್ಕೂ ಜಾಸ್ತಿ ಅಂಗಡಿ ಕಚೇರಿಗಳಿಗೆ ಹಾನಿಯಾಯಿತು, ಮೂವರು ಸತ್ತರು. ತಪ್ಪಿನ ಹೊರೆ ಬಿದ್ದಿದ್ದು ನೌಕಾಪಡೆಯ ಅಡ್ಮಿರಲ್ ಲೆನಾರ್ಡ್ ಮರ್ರಿ ತಲೆ ಮೇಲೆ. ಬಾಗಿಲು ಹಾಕಿಸಿದವರ ತಲೆ ಮೇಲೂ ಸ್ವಲ್ಪ ಬೀಳಬೇಕಿತ್ತು ಅಂತ ನನ್ನ ಅಭಿಪ್ರಾಯ.

ಈಗ ನೀರು. ನಲ್ಲಿ ನೀರನ್ನು ಧಾರಾಳವಾಗಿ ಕುಡಿಯಿರಿ. ಕಾಯಿಸುವುದು ಬೇಡ, ಫಿಲ್ಟರ್ ಬೇಡ, ಬಾಟಲಿ ಕೊಳ್ಳುವುದಂತೂ ದುಡ್ಡು ದಂಡ. ನೀವಿರುವ ಹ್ಯಾಲಿಫ್ಯಾಕ್ಸ್ ಕಡೆಗೆ ಪಾಕ್‌ವಾಕ್ ಕೆರೆಯ ನೀರು ಬರುತ್ತದೆ, 1977ರಿಂದ. ಬಂದರಿನ ಆಚೆ ದಡದ ಡಾರ್ಟ್‌ಮತ್‌ಗೆ ಲೇಕ್ ಮೇಜರ್ ನೀರು. ಮೆದು ನೀರು. ಬೇಳೆ ಬೇಗ ಬೇಯುತ್ತದೆ, ಕಾಫಿ ಚೆನ್ನಾಗಿ ಬರುತ್ತದೆ.

ಆದರೆ ಈ ನೀರು ಎಲ್ಲರಿಗೂ ಸಿಕ್ಕಿರಲಿಲ್ಲ. ಊರಿನ ಉತ್ತರ ತುದಿಯಲ್ಲಿ, ಬೆಡ್‌ಫರ್ಡ್ ಬೇಸಿನ್ ದಡದಲ್ಲಿ, ಆಫ್ರಿಕ್‌ವಿಲ್ ಅಂತ ಒಂದು ಹಳ್ಳಿಯಿತ್ತು. ಕಪ್ಪು ಜನರ ಊರು, 1840ರ ದಶಕದಿಂದ ಅಲ್ಲಿ ಜಮೀನು ಕೊಂಡು ಬಾಳಿದವರು. ಪಾಲಿಕೆಗೆ ತೆರಿಗೆ ಕಟ್ಟುತ್ತಿದ್ದರು. ಪಾಲಿಕೆ ಅವರಿಗೆ ನಲ್ಲಿ ಕೊಡಲಿಲ್ಲ, ಚರಂಡಿ ಕೊಡಲಿಲ್ಲ. ಕೊಟ್ಟಿದ್ದು ಪಕ್ಕದಲ್ಲೇ ಊರ ಕಸ ಸುರಿಯುವ ಗುಂಡಿ. ಬಾವಿಯ ಹತ್ತಿರ ಒಂದು ಬೋರ್ಡು ಇತ್ತು: ಕುಡಿಯುವ ಮೊದಲು, ಅಡುಗೆಗೆ ಬಳಸುವ ಮೊದಲು ದಯವಿಟ್ಟು ಈ ನೀರನ್ನು ಕುದಿಸಿ. ಅದರ ಫೋಟೋ ಇಂದಿಗೂ ಇದೆ. ಕೊನೆಗೆ ಇದು ಕೊಳೆಗೇರಿ ಅಂತ ಹೇಳಿ 1960ರ ದಶಕದಲ್ಲಿ ಎಲ್ಲರನ್ನೂ ಎಬ್ಬಿಸಿದರು. ಕೆಲವರ ಸಾಮಾನು ಸಾಗಿಸಲು ಪಾಲಿಕೆ ಕಳಿಸಿದ್ದು ಕಸದ ಲಾರಿ. ಅವರ ಚರ್ಚನ್ನು 1967ರಲ್ಲಿ ರಾತ್ರೋರಾತ್ರಿ ಕೆಡವಿದರು. ಪಾಲಿಕೆ ಕ್ಷಮೆ ಕೇಳಿದ್ದು 2010ರ ಫೆಬ್ರವರಿಯಲ್ಲಿ. ಈಗ ಆ ಚರ್ಚಿನ ಹಾಗೇ ಕಟ್ಟಿದ ಮ್ಯೂಸಿಯಂ ಅಲ್ಲಿದೆ. ಡೋನೇರ್ ಅಂಗಡಿಗೆ ಹೋಗುವ ಮೊದಲು ಅಲ್ಲಿಗೆ ಹೋಗಿ ಬನ್ನಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಪಾಲಿಕೆಗೆ ಬೇರೆ ಕೆಲಸ ಇಲ್ವಾ ಅಂತ ಕೇಳಿದಿರಲ್ಲ. ಇತ್ತು, ಮಾಡಲಿಲ್ಲ.

ಬಂದರಿನ ಕಥೆಯೂ ಅಷ್ಟೇ. ಈ ನೆಲದ ಮೂಲದವರಾದ ಮಿಗ್‌ಮಾ ಜನ ಇದನ್ನು ಚೆಬುಕ್‌ಟುಕ್ ಅನ್ನುತ್ತಾರೆ, ದೊಡ್ಡ ಬಂದರು ಅಂತ ಅರ್ಥ. ಇಂಗ್ಲಿಷರು ಬಂದು 1749ರಲ್ಲಿ ಊರು ಕಟ್ಟಿದರು. ಅಲ್ಲಿಂದ ಎರಡೂವರೆ ಶತಮಾನ ಊರಿನ ಕೊಳಚೆಯನ್ನೆಲ್ಲ ಹಾಗೇ ಅದಕ್ಕೆ ಬಿಟ್ಟರು. ಶುದ್ಧೀಕರಣ ಘಟಕಗಳು ಶುರುವಾಗಿ ಊರೊಳಗಿನ ಬೀಚುಗಳಲ್ಲಿ ಜನ ಈಜಲು ಇಳಿದಿದ್ದು 2008ರಲ್ಲಿ. ಮರು ವರ್ಷವೇ ಒಂದು ಘಟಕ ಕೆಟ್ಟು ನಿಂತಿತು, ಮತ್ತೆ ಕೊಳಚೆ. ಈಗ ಪರವಾಗಿಲ್ಲ.

ತರಕಾರಿಗೆ ಬರೋಣ. ಊರು ಹುಟ್ಟಿದ ಮರು ವರ್ಷ, 1750ರಲ್ಲೇ, ಇಲ್ಲಿ ರೈತರ ಸಂತೆ ಶುರುವಾಯಿತು. ಉತ್ತರ ಅಮೆರಿಕದಲ್ಲಿ ನಿಲ್ಲದೆ ನಡೆದು ಬಂದ ಸಂತೆಗಳಲ್ಲಿ ಇದೇ ಹಳೆಯದು ಅನ್ನುತ್ತಾರೆ. ಜಾಗ ಮಾತ್ರ ಬದಲಾಗುತ್ತಾ ಬಂದಿದೆ. ಬಹಳ ವರ್ಷ ಕೀತ್ ಅವರ ಹಳೆಯ ಬಿಯರ್ ಕಾರ್ಖಾನೆಯ ಕಲ್ಲು ಕಟ್ಟಡದಲ್ಲೇ ನಡೆಯುತ್ತಿತ್ತು. 2010ರಲ್ಲಿ ಬಂದರಿನ ಕಡೆಗೆ ಹೋಯಿತು. ಶನಿವಾರ ಬೆಳಿಗ್ಗೆ ಬೇಗ ಹೋಗಿ. ಅನಾಪೊಲಿಸ್ ಕಣಿವೆಯ ಸೇಬು, ಆಗಸ್ಟ್‌ನಲ್ಲಿ ಕಾಡು ಬ್ಲೂಬೆರಿ, ವಸಂತದಲ್ಲಿ ಫಿಡಲ್‌ಹೆಡ್ ಸಿಗುತ್ತದೆ. ಫಿಡಲ್‌ಹೆಡ್ ಅಂದರೆ ಸುರುಳಿ ಬಿಚ್ಚದ ಜರಿಗಿಡದ ಕುಡಿ. ಮಲೆನಾಡಿನವರು ನೋಡಿದರೆ ತಕ್ಷಣ ಗುರುತು ಹಿಡಿಯುತ್ತಾರೆ. ಒಂದು ಎಚ್ಚರಿಕೆ, ಅದನ್ನು ಹಸಿ ತಿನ್ನಬೇಡಿ. ನೀರಲ್ಲಿ ಚೆನ್ನಾಗಿ ಬೇಯಿಸಿ, ಆ ನೀರು ಚೆಲ್ಲಿ, ಆಮೇಲೆ ಪಲ್ಯ ಮಾಡಿ.

ಬೇಸಿಗೆಯ ಕೊನೆಗೆ ಹಾಜ್ ಪಾಜ್ ಅಂತ ಒಂದು ಅಡುಗೆ ಮಾಡುತ್ತಾರೆ. ಎಳೆ ಆಲೂಗಡ್ಡೆ, ಎಳೆ ಹುರುಳಿಕಾಯಿ, ಬಟಾಣಿ, ಕ್ಯಾರೆಟ್ ಬೇಯಿಸಿ ಬೆಣ್ಣೆ, ಕೆನೆ ಹಾಕುವುದು. ಮಸಾಲೆ ಹಾಕೋದನ್ನು ಮರೆತ ಸಾಗು ಅಂದುಕೊಳ್ಳಿ. ಆದರೆ ಅವತ್ತು ಕಿತ್ತ ತರಕಾರಿ ಆದರೆ ಮಸಾಲೆ ಬೇಕು ಅಂತ ಅನ್ನಿಸುವುದೇ ಇಲ್ಲ. ನಾನು ಮೊದಲ ವರ್ಷ ಕಾಳುಮೆಣಸು ಸುರಿದುಕೊಂಡು ತಿಂದೆ. ಈಗ ಉಪ್ಪು ಸಾಕು. ಓಟ್‌ಕೇಕ್ ಅಂತ ಓಟ್ಸ್‌ನ ದಪ್ಪ ಬಿಸ್ಕತ್ತು ಇರುತ್ತದೆ, ಕಾಫಿಗೆ ಚೆನ್ನ. ಹೊರಗೆ ತಿನ್ನುವಾಗ ನಾಲ್ಕು ಕಡೆ ಹುಷಾರು. ಬೇಯಿಸಿದ ಬೀನ್ಸ್‌ನಲ್ಲಿ ಹಂದಿ ಕೊಬ್ಬು ಇರಬಹುದು. ಫ್ರೆಂಚ್ ಫ್ರೈಸನ್ನು ಮೀನು ಕರಿದ ಎಣ್ಣೆಯಲ್ಲೇ ಕರಿದಿರಬಹುದು. ಪೇಸ್ಟ್ರಿಯಲ್ಲಿ ಲಾರ್ಡ್, ಅಂದರೆ ಅದೇ ಹಂದಿ ಕೊಬ್ಬು ಇರಬಹುದು. ಇನ್ನು ಸೂಪು. ನಾನು ಬಂದ ಹೊಸತರಲ್ಲಿ ಒಂದು ಹೋಟೆಲಿನಲ್ಲಿ ವೆಜಿಟೆಬಲ್ ಸೂಪು ಅಂತ ಬರೆದಿದ್ದನ್ನು ನಂಬಿ ಒಂದು ಬಟ್ಟಲು ಮುಗಿಸಿದೆ. ಆಮೇಲೆ ಸುಮ್ನೆ ಕೇಳಿದರೆ, ಕೋಳಿ ಮೂಳೆ ಬೇಯಿಸಿದ ನೀರಿನಲ್ಲಿ ಮಾಡಿದ್ದು ಅಂದರು. ಅವರು ಸುಳ್ಳು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ಹಾಗಾಗಿ ವೆಜಿಟೇರಿಯನ್ನಾ ಅಂತ ಕೇಳಬೇಡಿ. ಯಾವ ಸ್ಟಾಕಿನಲ್ಲಿ, ಅಂದರೆ ಏನು ಬೇಯಿಸಿದ ನೀರಿನಲ್ಲಿ ಮಾಡಿದ್ದು ಅಂತ ಕೇಳಿ.

ವಿದ್ಯಾರ್ಥಿಗಳಿಗೆ ನಾನು ಮೊದಲು ಹೇಳುವ ಹೆಸರು ಲೋಡೆಡ್ ಲೇಡಲ್. ಡಾಲ್‌ಹೌಸಿಯ ವಿದ್ಯಾರ್ಥಿ ಸಂಘದ ಕಟ್ಟಡದಲ್ಲಿ, ಸೆಮಿಸ್ಟರ್ ನಡೆಯುವಾಗ ವಾರದ ಕೆಲವು ದಿನ ಮಧ್ಯಾಹ್ನ ಊಟ ಬಡಿಸುತ್ತಾರೆ. ಮಾಂಸ ಇಲ್ಲ, ಹಾಲೂ ಇಲ್ಲ, ಪೂರ್ತಿ ಸಸ್ಯದ್ದು. ದುಡ್ಡೂ ಇಲ್ಲ. ನೀವು ಕಟ್ಟುವ ಶುಲ್ಕದಲ್ಲೇ ಒಂದು ಸಣ್ಣ ಪಾಲು ಅದಕ್ಕೆ ಹೋಗುತ್ತದೆ. ನಡೆಸುವವರೂ ಹೆಚ್ಚಾಗಿ ವಿದ್ಯಾರ್ಥಿಗಳೇ. ಡಬ್ಬಿ, ಚಮಚ ನೀವೇ ಒಯ್ಯಬೇಕು. ಇದು ದಾಸೋಹ, ಭಿಕ್ಷೆ ಅಲ್ಲ, ಸಂಕೋಚ ಬೇಡ. ಬಿಡುವಿದ್ದರೆ ಈರುಳ್ಳಿ ಹೆಚ್ಚಲು ಸೇರಿಕೊಳ್ಳಿ. ಸ್ನೇಹಿತರು ಸಿಗುವುದು ಅಲ್ಲೇ.

ನಮ್ಮ ಬೇಳೆ, ಅಕ್ಕಿ, ರವೆ, ಹುಣಸೆ ಇಲ್ಲಿನ ಭಾರತೀಯ ಅಂಗಡಿಗಳಲ್ಲಿ ಸಿಗುತ್ತವೆ. ದೊಡ್ಡ ಸೂಪರ್ ಮಾರ್ಕೆಟ್‌ನಲ್ಲೂ ತೊಗರಿಬೇಳೆ ಕಂಡಿದ್ದೇನೆ. ದಿನಸಿಗೆ ತೆರಿಗೆ ಇಲ್ಲ. ಹೋಟೆಲ್ ಬಿಲ್ಲಿಗೆ 14 ಪರ್ಸೆಂಟ್ ಬೀಳುತ್ತದೆ, ಟಿಪ್ಸ್ ಅದರ ಮೇಲೆ. ಲೆಕ್ಕ ಹಾಕಿದರೆ ಮನೆ ಅಡುಗೆ ತಾನಾಗೇ ರುಚಿಸುತ್ತದೆ. ಎಲ್ಲರ ಮನೆ ಹತ್ತಿರ ಒಳ್ಳೆ ಅಂಗಡಿ ಇರುವುದಿಲ್ಲ. ಅಂಥ ಬಡಾವಣೆಗಳಿಗೆ 2016ರಿಂದ ಮೊಬೈಲ್ ಫುಡ್ ಮಾರ್ಕೆಟ್ ಅಂತ ಶುರುವಾಯಿತು. ಶುರುವಿನಲ್ಲಿ ಸಿಟಿ ಬಸ್ಸಿನಲ್ಲೇ ಹಣ್ಣು ತರಕಾರಿ ತುಂಬಿಕೊಂಡು ಹೋಗಿ ಕಡಿಮೆ ಬೆಲೆಗೆ ಮಾರುತ್ತಿದ್ದರು. ಡೋನೇರ್ ವೋಟಿಗಿಂತ ಇದಕ್ಕೆ ನಾನು ಜಾಸ್ತಿ ಮಾರ್ಕು ಕೊಡುತ್ತೇನೆ. ಶನಿವಾರ ಒಂದು ದಿನ ಫೆರಿ ಹತ್ತಿ ಡಾರ್ಟ್‌ಮತ್‌ಗೂ ಹೋಗಿ ಬನ್ನಿ, ಇಳಿದ ಕೂಡಲೇ ಅಲ್ಲೂ ಒಂದು ಸಂತೆ. ಆ ಫೆರಿ 1752ರಿಂದ ಓಡುತ್ತಿದೆ. ವಿದ್ಯಾರ್ಥಿಗಳ ಬಸ್ ಪಾಸೇ ಅದಕ್ಕೂ ನಡೆಯುತ್ತದೆ.

ತಿಂದಿದ್ದಾಯಿತು, ಈಗ ಸಿಪ್ಪೆ. ಹೊಸಬರು ಎಡವುವುದು ಇಲ್ಲೇ. ಅಡುಗೆಮನೆ ಕಸಕ್ಕೆ ಹಸಿರು ಡಬ್ಬ, 1990ರ ದಶಕದ ಕೊನೆಯಿಂದಲೂ ಈ ಊರಿನಲ್ಲಿದೆ. ತರಕಾರಿ ಸಿಪ್ಪೆ, ಹಳಸಿದ ಅನ್ನ, ಕಾಫಿ ಚರಟ, ಎಣ್ಣೆ ಹತ್ತಿದ ಪೇಪರ್ ಎಲ್ಲ ಅದಕ್ಕೆ. ಉಳಿದ ಕಸ ಪಾರದರ್ಶಕ ಚೀಲದಲ್ಲಿ, ಒಳಗಿರುವುದು ಕಾಣಬೇಕು. 2015ರಲ್ಲಿ ಬಂದ ನಿಯಮ ಇದು. ಮುಚ್ಚಿಡಬೇಕಾದ್ದು ಏನಾದರೂ ಇದ್ದರೆ ಒಂದೇ ಒಂದು ಕಪ್ಪು ಚೀಲ ನಡೆಯುತ್ತದೆ. ನಿಯಮ ಬಂದ ಹೊಸತರಲ್ಲಿ ನಾನು ಗೌರಿ ಹಬ್ಬದ ಮಾರನೇ ದಿನ ಮೂರು ಕಪ್ಪು ಚೀಲ ಬಿಗಿಯಾಗಿ ಕಟ್ಟಿ ಫುಟ್‌ಪಾತ್ ಅಂಚಿಗೆ ಇಟ್ಟೆ. ಸಂಜೆ ಬಂದು ನೋಡಿದರೆ ಎರಡು ಚೀಲ ಅಲ್ಲೇ ಕೂತಿವೆ, ಮೈಮೇಲೆ ಒಂದೊಂದು ಸ್ಟಿಕ್ಕರ್. ಕಸದ ಗಾಡಿ ಬರುವುದು ಎರಡು ವಾರಕ್ಕೊಮ್ಮೆ. ಆ ಎರಡು ವಾರ ಗ್ಯಾರೇಜಿನಲ್ಲಿ ಬಂದ ವಾಸನೆ ಮನೆಯವರೆಲ್ಲರಿಗೂ ಪಾಠ ಕಲಿಸಿತು. ಜ್ಯೂಸ್ ಡಬ್ಬ, ಕ್ಯಾನ್ ಎಸೆಯಬೇಡಿ. ಕೊಳ್ಳುವಾಗ ಒಂದೊಂದಕ್ಕೆ 10 ಸೆಂಟ್ ಠೇವಣಿ ಹಿಡಿದಿರುತ್ತಾರೆ, ಡಿಪೋಗೆ ಒಯ್ದು ಕೊಟ್ಟರೆ 5 ಸೆಂಟ್ ವಾಪಸ್. ಯಾವ ಕಸ ಯಾವ ದಿನ ಅಂತ ಗೊತ್ತಾಗದಿದ್ದರೆ ಪಾಲಿಕೆಯ ಸಹಾಯವಾಣಿ 311ಕ್ಕೆ ಫೋನ್ ಮಾಡಿ.

ಪಾಲಿಕೆ ಸಭೆಗೂ ಒಮ್ಮೆ ಹೋಗಿ. 1996ರಲ್ಲಿ ಹ್ಯಾಲಿಫ್ಯಾಕ್ಸ್, ಡಾರ್ಟ್‌ಮತ್, ಬೆಡ್‌ಫರ್ಡ್ ಮತ್ತು ಸುತ್ತಲಿನ ಹಳ್ಳಿಗಳನ್ನು ಸೇರಿಸಿ ಒಂದೇ ಪಾಲಿಕೆ ಮಾಡಿದರು. 16 ಕೌನ್ಸಿಲರ್‌ಗಳು, ಒಬ್ಬ ಮೇಯರ್. 2024ರಿಂದ ಆಂಡಿ ಫಿಲ್ಮೋರ್ ಮೇಯರ್. ಸಾಮಾನ್ಯವಾಗಿ ಮಂಗಳವಾರ ಗ್ರ್ಯಾಂಡ್ ಪರೇಡ್ ಮೈದಾನದ ಸಿಟಿ ಹಾಲಿನಲ್ಲಿ ಸಭೆ. ಅದರ ಉತ್ತರ ಮುಖದ ಗಡಿಯಾರ 9 ಗಂಟೆ 4 ನಿಮಿಷಕ್ಕೆ ನಿಂತಿರುತ್ತದೆ. ಕೆಟ್ಟಿಲ್ಲ, ಬೇಕಂತಲೇ ನಿಲ್ಲಿಸಿದ್ದು. 1917ರ ಡಿಸೆಂಬರ್ 6ರ ಬೆಳಿಗ್ಗೆ ಬಂದರಿನಲ್ಲಿ ಮದ್ದುಗುಂಡು ತುಂಬಿದ ಹಡಗು ಸಿಡಿದ ಹೊತ್ತು ಅದು. ಸುಮಾರು 2000 ಜನ ಸತ್ತರು. ವಿದ್ಯಾರ್ಥಿ ವೀಸಾದಲ್ಲಿ ಬಂದ ನಿಮಗೆ ವೋಟಿಲ್ಲ. ಆದರೆ ಕೂತು ನೋಡಲು ಯಾರ ಅಪ್ಪಣೆಯೂ ಬೇಡ. ಸಾರ್ವಜನಿಕ ಅಹವಾಲು ಇದ್ದ ದಿನ ಎದ್ದು ನಿಂತು ಐದು ನಿಮಿಷ ಮಾತಾಡಲೂಬಹುದು. ಒಬ್ಬ ಅಜ್ಜಿ ಬಸ್ ಸ್ಟಾಪಿನಲ್ಲಿ ಹಿಮ ಬಳಿಯುವ ವಿಷಯಕ್ಕೆ ಪೂರ್ತಿ ಐದು ನಿಮಿಷ ಮಾತಾಡಿದ್ದನ್ನು ನಾನು ನೋಡಿದ್ದೇನೆ. ಯಾರೂ ಎದ್ದು ಹೋಗಲಿಲ್ಲ.

ಕೊನೆಗೆ ನಿಮ್ಮ ಸಾಮಾನು. ಮಿಕ್ಸಿ ಬೇಡ. ಅಲ್ಲಿಯದು 230 ವೋಲ್ಟ್, ಇಲ್ಲಿಯದು 120. ಇಲ್ಲಿ ಹಾಕಿದರೆ ಮುಲುಗುತ್ತದೆ, ರುಬ್ಬುವುದಿಲ್ಲ. ಕುಕ್ಕರ್ ತನ್ನಿ. ಒಲೆ ಹೆಚ್ಚಾಗಿ ಕರೆಂಟಿನದು, ಹಾಗಾಗಿ ಚಪ್ಪಟೆ ತಳದ್ದೇ ಇರಲಿ. ಎರಡು ಗ್ಯಾಸ್ಕೆಟ್, ಒಂದು ಸೀಟಿ ಜಾಸ್ತಿ ಇಟ್ಟುಕೊಳ್ಳಿ. ತಿಂಡಿ, ಪುಡಿ ಏನೇ ತಂದರೂ ಕಸ್ಟಮ್ಸ್‌ನಲ್ಲಿ ಮುಚ್ಚಿಡದೆ ಹೇಳಿ. ಎರಡು ಕೇಜಿ ಅವಲಕ್ಕಿ ಮರೆಯಬೇಡಿ. ನೀವು ಬರುವ ಸೆಪ್ಟೆಂಬರ್ ಇಲ್ಲಿ ಚಂಡಮಾರುತದ ಕಾಲ. 2019ರಲ್ಲಿ ಡೋರಿಯನ್, 2022ರಲ್ಲಿ ಫಿಯೋನಾ, ಎರಡೂ ಸೆಪ್ಟೆಂಬರ್‌ನಲ್ಲೇ ಬಂದವು. ಕರೆಂಟು ಹೋದರೆ ಒಲೆಯೂ ಹೋಯಿತು. ಮೂರು ದಿನಕ್ಕಾಗುವಷ್ಟು ನೀರು, ಆಹಾರ ಮನೆಯಲ್ಲಿ ಇಟ್ಟುಕೊಳ್ಳಿ ಅಂತ ಸರ್ಕಾರ ಹೇಳುತ್ತದೆ. ಅವಲಕ್ಕಿ ನೆನೆಸಿ, ಉಪ್ಪು, ನಿಂಬೆರಸ, ಕಡಲೆಬೀಜ ಹಾಕಿದರೆ ಮುಗೀತು.

ಮತ್ತೆ ಒಗ್ಗರಣೆ. ಅಪಾರ್ಟ್‌ಮೆಂಟಿನಲ್ಲಿ ಹೊಗೆ ಅಲಾರಂ ಇರುತ್ತದೆ. ಒಣಮೆಣಸಿನಕಾಯಿ ಘಾಟು ಅದಕ್ಕೆ ಆಗಿಬರುವುದಿಲ್ಲ. ನನ್ನ ಮೊದಲ ಚಳಿಗಾಲದಲ್ಲಿ ಒಂದು ಚಮಚ ಸಾಸಿವೆ ಸಿಡಿದಿದ್ದಕ್ಕೆ ಆರು ಮಹಡಿಯ ಜನ ಕಂಬಳಿ ಹೊದ್ದು ಹಿಮದಲ್ಲಿ ನಿಂತರು, ಅಗ್ನಿಶಾಮಕ ದಳದ ಎರಡು ಗಾಡಿ ಬಂತು. ಒಳಗೆ ಹೋಗಿ ಬಂದ ಅಧಿಕಾರಿ ನನ್ನನ್ನು ಕೇಳಿದ ಮೊದಲ ಪ್ರಶ್ನೆ, ಅದೇನು ಅಷ್ಟು ಚೆನ್ನಾಗಿ ವಾಸನೆ ಬರುತ್ತಿದೆ ಅಂತ. ಎಣ್ಣೆ ಇಡುವ ಮೊದಲೇ ಒಲೆಯ ಮೇಲಿನ ಫ್ಯಾನ್ ಹಾಕಿ, ಹೊರಗಿನ ಕಿಟಕಿ ಒಂದಿಂಚು ತೆಗೆಯಿರಿ. ಕಾರಿಡಾರಿನ ಬಾಗಿಲು ಮಾತ್ರ ತೆಗೆಯಬೇಡಿ, ಕಟ್ಟಡಕ್ಕೆಲ್ಲ ಕೂಗುವ ಅಲಾರಂ ಇರುವುದು ಅಲ್ಲೇ.